ಸೆರಗಿನ ಮೊದಲ ಸಾಲಿನ ಹಿಂದೆ

ಸೆರಗು ತಿರುವಿ ನೋಡದೆ ಸೀರೆ ಕೊಳ್ಳಬೇಡಿ. ಅಂಗಡಿಯವನು ದಡಿ ತೋರಿಸುತ್ತಾನೆ, ಬಣ್ಣ ತೋರಿಸುತ್ತಾನೆ, ನಿಮ್ಮ ಹೆಗಲಿಗೇ ಹಾಕಿ ಕನ್ನಡಿ ಮುಂದೆ ನಿಲ್ಲಿಸುತ್ತಾನೆ. ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ಮಾತ್ರ ಅಂಗೈಯಲ್ಲಿ ಮುಚ್ಚಿಕೊಂಡಿರುತ್ತಾನೆ. ಆ ಅಂಗೈ ಎತ್ತಿಸಿ ನೋಡಿ. ನೇಕಾರನ ಕೈಯೂ ಮಾಲಕನ ಗುಣವೂ ಅಲ್ಲೇ ತಿಳಿಯುತ್ತವೆ. ಕಂಪ್ಯೂಟರಿನ ಗುಣವೂ ಅಲ್ಲೇ ತಿಳಿಯುತ್ತದೆ ಅನ್ನುವುದು ನನಗೆ ಮುಪ್ಪಿನಲ್ಲಿ ಗೊತ್ತಾಯಿತು. ಈಗ ಮಗ್ಗದ ಕೆಲಸಕ್ಕೆ ಸೇರುವ ಹುಡುಗಿಯರು ಪರದೆಯ ಮುಂದೆಯೇ ಕೂರುತ್ತಾರೆ, ನೂಲು ಮುಟ್ಟುವುದು ಕಡಿಮೆ. ಅವರಿಗೆ ಇದನ್ನು ಹೇಳಬೇಕು ಅನ್ನಿಸಿತು.

ನನ್ನ ಊರು ಬನಹಟ್ಟಿ. ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ನನ್ನ ಕೆಲಸ ಕಾರ್ಡು ಬಡಿಯುವುದು. ಮಗ್ಗದ ತಲೆಯ ಮೇಲೆ ಜಕಾರ್ಡ್ ಎಂಬ ಪೆಟ್ಟಿಗೆ ಇರುತ್ತದೆ. ಅದರ ಮೇಲೆ ರಟ್ಟಿನ ಕಾರ್ಡುಗಳು ಒಂದಾದ ಮೇಲೊಂದು ಬಂದು ಕೂರುತ್ತವೆ. ಕಾರ್ಡಿನಲ್ಲಿ ತೂತು ಇದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಮಲಗಿರುತ್ತದೆ. ಒಂದು ಕಾರ್ಡು ಅಂದರೆ ಸೀರೆಯ ಒಂದು ಸಾಲು. ತೂತು ಬಡಿದ ಕಾರ್ಡುಗಳನ್ನು ಅನುಕ್ರಮ ತಪ್ಪದೆ ದಾರದಲ್ಲಿ ಹೆಣೆದು ಸರ ಮಾಡಿ, ಕಡೆಯ ಕಾರ್ಡನ್ನು ಮೊದಲನೆಯದಕ್ಕೆ ಕಟ್ಟಿದರೆ ನನ್ನ ಕೆಲಸ ಮುಗಿಯಿತು. ಸರ ತಿರುಗುತ್ತದೆ, ಹೂವು ಮತ್ತೆ ಮತ್ತೆ ಬರುತ್ತದೆ. ಬಡ್ತಿ ಅಂತ ನನಗೆ ಏನೂ ಸಿಗಲಿಲ್ಲ. ಮೊದಲು ನೆಲದ ಮೇಲೆ ಕೂತು ಬಡಿಯುತ್ತಿದ್ದೆ, ಆಮೇಲೆ ಸ್ಟೂಲು ಕೊಟ್ಟರು.

ನಮ್ಮ ಸಾವ್ಕಾರರಿಗೆ ವಯಸ್ಸಾದ ಮೇಲೆ ಕಾರ್ಖಾನೆ ನೋಡಿಕೊಳ್ಳಲು ಅವರ ಅಳಿಯ ಬಂದ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗಳ ಮನೆಯ ಹುಡುಗ. ಬೆಲ್ಲದ ಪೆಂಟೆ ಮುಟ್ಟಿ ನೋಡಿ ಒಳಗೆ ಮಣ್ಣು ಇದೆಯೋ ಇಲ್ಲವೋ ಹೇಳುತ್ತಿದ್ದನಂತೆ. ಅದು ಖರೆಯೇ ಇರಬಹುದು. ಆದರೆ ಸೀರೆಯ ವಿಷಯ ಅವನಿಗೆ ತಿಳಿದಿರಲಿಲ್ಲ. ಅವನ ಮೊದಲ ವಾರದ ಒಂದು ಪರಾಕ್ರಮ ಹೇಳಿ ಮುಂದೆ ಹೋಗುತ್ತೇನೆ, ಅದು ಮುಂದೆ ಬೇಕಾಗುತ್ತದೆ.

ಒಂದು ಸರದಲ್ಲಿ ನಡುನಡುವೆ ತೂತೇ ಇಲ್ಲದ ಕಾರ್ಡುಗಳು ಇದ್ದವು. ಎರಡು ಹೂವಿನ ನಡುವೆ ಖಾಲಿ ಜಾಗ ಬೇಕಲ್ಲ, ಅದಕ್ಕೆ. ಅಳಿಯ ಬಂದು ನೋಡಿದ.

"ನೀಲವ್ವ, ಇವು ಯಾಕ ಬಡದಿಲ್ಲ?"

"ಅವು ಖಾಲಿನ ಇರಬೇಕ್ರಿ."

"ಖಾಲಿ ಇದ್ದದ್ದು ಯಾಕ ಇಡಬೇಕು? ದಂಡಕ್ಕ ಮಗ್ಗ ತಿರಗತೈತಿ."

ನಾನು ಊಟಕ್ಕೆ ಹೋಗಿದ್ದಾಗ ಆಳಿಗೆ ಹೇಳಿ ಅಷ್ಟನ್ನೂ ಬಿಚ್ಚಿಸಿ ಹಾಕಿದ. ಸಂಜೆ ಹೊತ್ತಿಗೆ ಮಗ್ಗದಿಂದ ಬಂದ ಬಟ್ಟೆಯಲ್ಲಿ ಒಂದು ಹೂವಿನ ತಲೆ ಇನ್ನೊಂದರ ಕಾಲೊಳಗೆ ಹೊಕ್ಕಿತ್ತು. ಅದನ್ನು ನೋಡಿದ ನೇಕಾರ ದುಂಡಪ್ಪ ನಕ್ಕು ಅಂದ, "ಅಳಿಯಾರ, ಬಸ್ಸಿನ್ಯಾಗ ಖಾಲಿ ಸೀಟ ಕಿತ್ತ ಒಗದ್ರ, ಹಿಂದಿನವ್ರು ಮುಂದಿನವ್ರ ತೊಡಿ ಮ್ಯಾಲ ಕುಂದ್ರತಾರ್ರಿ." ಎಲ್ಲರೂ ನಕ್ಕರು. ಅಳಿಯ ನಗಲಿಲ್ಲ. ಅವತ್ತಿನಿಂದ ಅವನ ಕಣ್ಣು ದುಂಡಪ್ಪನ ಮೇಲೆಯೇ ಇತ್ತು. ನಾನು ಅದನ್ನು ನೋಡಿದೆ, ದುಂಡಪ್ಪ ನೋಡಲಿಲ್ಲ. ನೇಯುವವನ ದೃಷ್ಟಿ ಎಳೆ ಬಿಟ್ಟು ಆಚೆ ಹೋಗುವುದಿಲ್ಲ.

ದುಂಡಪ್ಪ ಎಂಥವನು ಅಂತ ಹೇಳಿಬಿಡುತ್ತೇನೆ. ಮಗ್ಗದಲ್ಲಿ ಹೊಕ್ಕು, ಅಂದರೆ ಅಡ್ಡ ಎಳೆ, ಕಡಿದರೆ ಉಳಿದ ನೇಕಾರರು ಗಂಟು ಹಾಕಿ ಮುಂದೆ ಹೋಗುತ್ತಾರೆ. ಇವನು ನಿಲ್ಲಿಸಿ, ಕೆಟ್ಟ ಸಾಲನ್ನು ಬಿಚ್ಚಿ, ಕಾರ್ಡಿನ ಸರವನ್ನು ಕೈಯಿಂದ ಒಂದು ಹಿಂದೆ ತಿರುವಿ, ಅದೇ ಸಾಲನ್ನು ಮತ್ತೆ ಹಾಕುತ್ತಿದ್ದ. ಇನ್ನೊಂದು ರೂಢಿ ಅವನಿಗೆ ಅವನಪ್ಪ ಕಲಿಸಿದ್ದು. ಹಸಿರು ಒಡಲು ಮುಗಿದು ಕೆಂಪು ಸೆರಗು ಶುರುವಾಗುವಾಗ ಅಡ್ಡ ಎಳೆ ಒಯ್ಯುವ ಲಾಳಿ ಬದಲಿಸಬೇಕು. ಬದಲಿಸುವ ಮೊದಲು ಒಡಲಿನ ಕಡೆಯ ಒಂದು ಸಾಲು ಬಿಚ್ಚಿ, ಬಿಗಿಯಾಗಿ ಮತ್ತೊಮ್ಮೆ ಹಾಕುವುದು. ಹಾಗೆ ಮಾಡಿದರೆ ಕೂಡುವಲ್ಲಿ ಬಟ್ಟೆ ಬಾಯಿ ಬಿಡುವುದಿಲ್ಲ. ಉಳಿದ ಮಗ್ಗಗಳಲ್ಲಿ ಯಾರೂ ಇದನ್ನು ಮಾಡುತ್ತಿರಲಿಲ್ಲ. "ಮುದುಕ ಒಂದ ಎಳಿ ಬಿಚ್ಚೂದ್ರಾಗ ನಾವು ಗೇಣ ನೇಯ್ತೇವಿ" ಅಂತ ಹುಡುಗರು ಆಡಿಕೊಳ್ಳುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಅಳಿಯ ಎಲ್ಲಿಂದಲೋ ಹಳೆಯ ವಿದ್ಯುತ್ ಜಕಾರ್ಡುಗಳನ್ನು ತರಿಸಿ ಮಗ್ಗಗಳ ಮೇಲೆ ಕೂರಿಸಿದ. ಕಾರ್ಡು ಇಲ್ಲ, ಸರ ಇಲ್ಲ. ಮಗ್ಗದ ಪಕ್ಕ ಒಂದು ಡಬ್ಬಿ, ಅದರ ಮೇಲೆ ಗುಂಡಿಗಳು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಅಣೆಕಟ್ಟಿನ ಹಿನ್ನೀರಿಗೆ ಹೊಲ ಕಳೆದುಕೊಂಡು ಬೀಳಗಿ ಕಡೆಯಿಂದ ಬಂದ ಹೆಂಗಸರು ಕೆಲವರು ನಮ್ಮಲ್ಲಿ ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆ ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ನನಗೂ ಅದೇ ಗತಿ ಅಂದುಕೊಂಡೆ. ಆದರೆ ನನ್ನನ್ನು ಸೀರೆ ನೋಡಿ ಘಳಿಗೆ ಹಾಕುವ, ಅಂದರೆ ಮಡಚಿಡುವ, ಕೆಲಸಕ್ಕೆ ಹಾಕಿದರು. ತಪ್ಪು ಹುಡುಕುವ ಕೆಲಸ. ನನಗೆ ಹೇಳಿ ಮಾಡಿಸಿದ್ದು.

ಆ ಡಬ್ಬಿಯೊಳಗಿನ ಬುದ್ಧಿ ಬರೆಯಲು ಒಬ್ಬ ಹುಡುಗಿ ಬಂದಳು. ಪದ್ಮಾ. ತೇರದಾಳದ ಜೈನರ ಮನೆಯವಳು, ಜಮಖಂಡಿಯಲ್ಲಿ ಕಾಲೇಜು ಕಲಿತವಳು. ಬೆಳಿಗ್ಗೆ ಬಸ್ಸಿಗೆ ಬರುವುದು, ಹೊತ್ತು ಮುಳುಗುವ ಮುಂಚೆ ಬಸ್ಸಿಗೆ ಹೋಗುವುದು. ಮಗ್ಗ ಇನ್ನೂ ಓಡುತ್ತಿರುವಾಗಲೇ ಚೀಲ ಹೆಗಲಿಗೆ ಹಾಕುತ್ತಿದ್ದಳು. ಕೆಲಸ ಕೆಟ್ಟರೆ ಸಿಕ್ಕಿ ಬೀಳಬಾರದು ಅಂತ ಓಡುತ್ತಾಳೆ ಅಂತ ನನ್ನ ಅನುಮಾನ. ಒಮ್ಮೆ ಕೇಳಿಯೇ ಬಿಟ್ಟೆ.

"ಏನ್ ಬೇ, ದಿನಾ ಓಡತೀಯಲ್ಲ, ಮನ್ಯಾಗ ಯಾರನ್ನ ಕಟ್ಟಿ ಹಾಕಿ ಬಂದಿ?"

"ಹೊತ್ತ ಮುಳುಗಿದ ಮ್ಯಾಲ ನಾವು ಉಣ್ಣಂಗಿಲ್ಲ ಆಯಿ. ಬಸ್ ತಪ್ಪಿದ್ರ ಉಪಾಸ."

ನೆಪ ಛಲೋ ಇತ್ತು. ನಂಬಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಸಾಲುಗಳನ್ನು ಡಬ್ಬಿಯೊಳಗೆ ಹೇಗೆ ಇಟ್ಟಿದ್ದೀಯ ಅಂತ ಕೇಳಿದಾಗ, "ಒಂದರ ಹಿಂದ ಒಂದು, ಜಾಗದ ನಂಬರ್ ಹಾಕಿ ಇಟ್ಟೀನಿ. ಮೊದಲನೇದರ ನಂಬರ್ ಸೊನ್ನಿ" ಅಂದಳು.

"ಸೊನ್ನಿ ಅಂದ್ರ ಏನೂ ಇಲ್ಲದ್ದು. ಇಲ್ಲದ್ರಾಗ ಸಾಲ ಹೆಂಗ ಇಟ್ಟಿ?"

ಅವಳು ಸಿಟ್ಟಾಗಲಿಲ್ಲ. "ಆಯಿ, ನಿಮ್ಮ ತಂಗಿ ಪುನರ್ವಸತಿ ಊರಾಗ ಇದ್ದಾಳಂತಲ್ಲ. ಆ ಓಣಿಯೊಳಗ ಮೊದಲನೇ ಮನಿಗೆ ಹೋಗಬೇಕಾದ್ರ ಎಷ್ಟು ಮನಿ ದಾಟಬೇಕು?"

"ಯಾವ್ದೂ ಇಲ್ಲ."

"ಎರಡನೇದಕ್ಕ?"

"ಒಂದ ದಾಟಬೇಕು."

"ಅದ ನಂಬರ್. ಎಷ್ಟನೇ ಮನಿ ಅಂತಲ್ಲ, ಎಷ್ಟು ದಾಟಬೇಕು ಅಂತ."

ತಂಗಿಯ ಊರಲ್ಲಿ ಎಲ್ಲ ಮನೆಯೂ ಒಂದೇ ಅಚ್ಚು. ದಾಟಿದ್ದನ್ನು ಎಣಿಸದಿದ್ದರೆ ಬೇರೆಯವರ ಅಡುಗೆಮನೆಗೆ ಹೊಕ್ಕುಬಿಡುತ್ತೇವೆ. ಹಾಗಾಗಿ ಅವಳ ಮಾತು ತಿಳಿಯಿತು. ತಿಳಿಯಿತು ಅಂದರೆ ನಂಬಿದೆ ಅಂತಲ್ಲ.

ಕೆಲವು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ಮಾರಿದ ಸೀರೆಗಳು ತಿರುಗಿ ಬರತೊಡಗಿದವು. ಸೆರಗು ಶುರುವಾಗುವಲ್ಲಿ ಒಂದು ಸಾಲಿನ ಉದ್ದಕ್ಕೂ ಹಸಿರು ಚುಕ್ಕೆಗಳು, ಯಾರೋ ಜೋಳದ ಕಾಳು ಚೆಲ್ಲಿದ ಹಾಗೆ. ಸಣ್ಣ ತಪ್ಪು, ನನ್ನ ಕಣ್ಣೂ ಮೊದಲು ದಾಟಿಸಿತ್ತು. ಒಮ್ಮೆ ಕಂಡ ಮೇಲೆ ಅದನ್ನು ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ನಾನು ಸೀರೆಗಳನ್ನು ಮಗ್ಗದ ಪ್ರಕಾರ ಬೇರೆ ಮಾಡಿದೆ. ಕಾಳು ಚೆಲ್ಲಿದ್ದೆಲ್ಲ ದುಂಡಪ್ಪನ ಮಗ್ಗದ್ದು. ಉಳಿದ ಮಗ್ಗದ ಒಂದರಲ್ಲೂ ಇಲ್ಲ.

ಅಳಿಯನಿಗೆ ಇಷ್ಟು ಸಾಕಾಗಿತ್ತು. ಎಲ್ಲರ ಎದುರು ಸೀರೆ ಹರವಿದ.

"ಒಂದ ಬುದ್ಧಿ ಎಲ್ಲಾ ಮಗ್ಗಕ್ಕೂ ಹಾಕೇತಿ. ಉಳಿದವ್ರದು ಸರಿ ಬರತೈತಿ, ನಿಂದಷ್ಟ ಯಾಕ ಕೆಡತೈತಿ ದುಂಡಪ್ಪ?"

"ನನಗ ಗೊತ್ತಿಲ್ರಿ. ನಾ ಮೊದ್ಲ ಹೆಂಗ ನೇಯ್ತಿದ್ನೋ ಹಂಗ ನೇಯಾಕತ್ತೇನಿ."

"ಕಾರ್ಡ ಹೋದ್ವು ಅಂತ ನಿನಗ ಸಿಟ್ಟ ಐತಿ. ಮಷಿನ್ ಕೆಟ್ಟೈತಿ ಅಂತ ತೋರಸಬೇಕಾಗೇತಿ ನಿನಗ."

ಬಸ್ಸಿನ ಸೀಟಿನ ಮಾತು ಆಡಿದ ಬಾಯಿ ಅವತ್ತು ಮುಚ್ಚಿತ್ತು. ಅಳಿಯ ತೀರ್ಪು ಹೇಳಿದ: ಸೋಮವಾರದಿಂದ ದುಂಡಪ್ಪ ಕಂಡಿಕೆ ಸುತ್ತಬೇಕು, ಅವನ ಮಗ್ಗಕ್ಕೆ ಬೇರೆ ಹುಡುಗನನ್ನು ಕೂರಿಸುತ್ತಾರೆ.

ಕಂಡಿಕೆ ಸುತ್ತುವುದು ಕೆಟ್ಟ ಕೆಲಸ ಅಂತ ನಾನು ಹೇಳುವುದಿಲ್ಲ, ಅದನ್ನು ಮಾಡಿಯೇ ಎಷ್ಟೋ ಮನೆ ನಡೆದಿವೆ. ಆದರೆ ಮಗ್ಗದಿಂದ ಎಬ್ಬಿಸಿ ಅಲ್ಲಿ ಕೂರಿಸಿದ ನೇಕಾರನನ್ನು ಊರಲ್ಲಿ ಮತ್ತೆ ಯಾರೂ ಮಗ್ಗಕ್ಕೆ ಕರೆಯುವುದಿಲ್ಲ. ಕೈ ಕೆಟ್ಟವನು ಅಂತ ಹೆಸರು ಬೀಳುತ್ತದೆ.

ನನಗೆ ಕರುಣೆ ಬಂತೇ ಅಂದರೆ, ಇಲ್ಲ. ನನಗೆ ದುಂಡಪ್ಪನ ಮೇಲೂ ಸಂಶಯ ಇತ್ತು. ಕಾರ್ಡು ತೆಗೆದಾಗ ಅತ್ತವನ ಹಾಗೆ ಮುಖ ಮಾಡಿಕೊಂಡಿದ್ದ. ಸೇಡು ಇರಬಹುದು ಅಂದುಕೊಂಡೆ. ಹಿಡಿಯಲೇಬೇಕು ಅಂತ ನಿರ್ಧಾರ ಮಾಡಿದೆ, ಅವನನ್ನೋ ಅವಳನ್ನೋ.

ನಮ್ಮ ಮಗ್ಗಗಳಲ್ಲಿ ಸೀರೆಯ ಚೆಂದದ ಮುಖ ಕೆಳಗೆ ಇರುತ್ತದೆ. ನೇಯುವವನಿಗೆ ಕಾಣುವುದು ಬೆನ್ನು. ಹಳೆಯ ಕೈಮಗ್ಗದವರು ಬಟ್ಟೆಯ ಕೆಳಗೆ ಕನ್ನಡಿ ಇಟ್ಟು ಮುಖ ನೋಡಿಕೊಳ್ಳುತ್ತಿದ್ದರು. ಶನಿವಾರ ಮನೆಯಿಂದ ಕುಂಕುಮ ಹಚ್ಚಿಕೊಳ್ಳುವ ಕನ್ನಡಿ ತಂದು, ದುಂಡಪ್ಪ ನೀರು ಕುಡಿಯಲು ಎದ್ದಾಗ ಅವನ ಮಗ್ಗದ ಅಡಿಗೆ ಇಟ್ಟೆ. ಪಕ್ಕದಲ್ಲಿ ಘಳಿಗೆ ಹಾಕುವ ಸೀರೆ ತಂದುಕೊಂಡು ಕೂತೆ.

"ಯಾಕ ಯಕ್ಕಾ, ಇವತ್ತ ನನ್ನ ಹಂತೇಕ ಕುಂತಿ?"

"ಅಲ್ಲಿ ಫ್ಯಾನ್ ಇಲ್ಲ."

ಇಲ್ಲೂ ಫ್ಯಾನ್ ಇರಲಿಲ್ಲ. ಅವನು ಮೇಲೆ ನೋಡಿದ, ನನ್ನ ಕಡೆ ನೋಡಿದ, ಮಗ್ಗ ಶುರು ಮಾಡಿದ.

ಮಧ್ಯಾಹ್ನ ಕಳೆದ ಮೇಲೆ ಒಡಲು ಮುಗಿಯಿತು, ಮಗ್ಗ ನಿಂತಿತು. ದುಂಡಪ್ಪ ತನ್ನ ರೂಢಿಯಂತೆ ಒಡಲಿನ ಕಡೆಯ ಸಾಲು ಬಿಚ್ಚಿದ. ಡಬ್ಬಿಯ ಮೇಲಿನ ಹಿಂದಕ್ಕೆ ಹೋಗುವ ಗುಂಡಿಯನ್ನು ಒಮ್ಮೆ ಒತ್ತಿದ. ಹಸಿರು ಲಾಳಿ ಒಂದು ಸಲ ಹಾಯಿಸಿ ಬಿಗಿಯಾಗಿ ಬಡಿದ. ಕನ್ನಡಿಯಲ್ಲಿ ಹಸಿರು ಕಾಳುಗಳು ಚೆಲ್ಲಿದವು. ಅವನ ಕೈ ಎಲ್ಲೂ ಮೋಸ ಮಾಡಲಿಲ್ಲ. ಅಪ್ಪ ಕಲಿಸಿದ್ದನ್ನು ಮಾಡಿದ, ಅಷ್ಟೇ.

"ನಿಲ್ಲಸ" ಅಂದೆ. ಕನ್ನಡಿ ತೋರಿಸಿದೆ. ಅವನು ಬಗ್ಗಿ ನೋಡಿದ. ಎದ್ದಾಗ ಕೇಳಿದ್ದು ಒಂದೇ ಮಾತು. "ನನ್ನ ಹಿಡಿಯಾಕ ಇಟ್ಟಿದ್ದೇನ ಇದನ್ನ?"

"ಹೌದು."

"ಛಲೋ ಆತ ಬಿಡು."

ಪದ್ಮಾಳನ್ನು ಕರೆದೆ. ಚೀಲ ಆಗಲೇ ಹೆಗಲ ಮೇಲಿತ್ತು. ಕನ್ನಡಿಯಲ್ಲಿ ನೋಡಿದಳು.

"ಈ ಕಾಳ ಎಲ್ಲೆ ನೋಡೀನಿ ಆಯಿ?" ಅಂದಳು.

ನಾನು ಘಳಿಗೆ ಹಾಕುತ್ತಿದ್ದ ಸೀರೆಯನ್ನು ತಿರುವಿ, ಸೆರಗಿನ ತುದಿ ತೋರಿಸಿದೆ. ಸೆರಗು ಮುಗಿಯುವ ಕಟ್ಟಕಡೆಯ ಸಾಲು ಇಂಥದೇ ಕಾಳಿನದು. ಅಲ್ಲಿ ಅದು ಅಂದ. ತುದಿಯಲ್ಲಿ ಇರಬೇಕಾದ ಸಾಲು ಬುಡಕ್ಕೆ ಬಂದು ಕೂತಿತ್ತು.

ಪದ್ಮಾ ದುಂಡಪ್ಪನ ಕಡೆ ತಿರುಗಿದಳು. "ಕಾಕಾ, ಸೆರಗ ಶುರು ಆಗೂಮುಂದ ನೀವು ಹಿಂದ ಒತ್ತತೀರೇನು?"

"ದಿನಾ ಒತ್ತತೀನಿ. ಉಳಿದವ್ರು ಒತ್ತಂಗಿಲ್ಲೇನು?"

ಅವಳ ಮುಖ ಸಣ್ಣದಾಯಿತು. ಆಮೇಲೆ ನನಗೆ ಬಿಡಿಸಿ ಹೇಳಿದ್ದು ಹೀಗೆ. ಕಾರ್ಡಿನ ಕಾಲದಲ್ಲಿ ಒಡಲು ಸೆರಗು ಎಲ್ಲ ಒಂದೇ ಸರ. ಸೆರಗಿನ ಮೊದಲ ಕಾರ್ಡಿನಿಂದ ಒಂದು ಹಿಂದೆ ತಿರುವಿದರೆ ಒಡಲಿನ ಕಡೆಯ ಕಾರ್ಡು ಸಿಗುತ್ತಿತ್ತು. ಇವಳು ಒಡಲಿಗೆ ಒಂದು ಸಾಲುಪಟ್ಟಿ, ಸೆರಗಿಗೆ ಬೇರೆ ಸಾಲುಪಟ್ಟಿ ಮಾಡಿದ್ದಳು. ಸೆರಗಿನ ಮೊದಲನೆಯದು ಸೊನ್ನೆ, ಒಡಲು ಮುಗಿದ ಕೂಡಲೇ ಡಬ್ಬಿ ಅಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ ಒತ್ತಿದರೆ ಸೊನ್ನೆಗಿಂತ ಒಂದು ಕಡಿಮೆ ಆಗುತ್ತದೆ. ಅಂಥ ಜಾಗವೇ ಇಲ್ಲ. ಆದರೆ ಅವಳು ಬರೆದ ಭಾಷೆಯಲ್ಲಿ ಇಲ್ಲದ ಜಾಗ ಕೇಳಿದರೂ ಡಬ್ಬಿ ಇಲ್ಲ ಅನ್ನುವುದಿಲ್ಲ. ಸೊನ್ನೆಗಿಂತ ಒಂದು ಕಡಿಮೆ ಅಂದರೆ ಅದೇ ಪಟ್ಟಿಯ ಕಟ್ಟಕಡೆಯದು ಅಂತ ತಿಳಿದು, ಅದನ್ನು ತಂದು ಕೈಯಲ್ಲಿ ಇಡುತ್ತದೆ.

"ಹಂಗಿದ್ರ ಮೊದ್ಲ ಯಾಕ ತಿಳೀಲಿಲ್ಲ ನಿನಗ?"

"ಒಡಲಿನ್ಯಾಗ ಹಿಂದ ಒತ್ತಿ ನೋಡಿದ್ದೆ ಆಯಿ. ಅಲ್ಲಿ ಹೂವ ಸುತ್ತಿ ಸುತ್ತಿ ಬರತೈತಿ. ಮೊದಲನೇದರ ಹಿಂದ ಕಡೀದ ಬರಬೇಕು, ಅದ ಬಂತು. ಸರಿ ಐತಿ ಅಂತ ಬಿಟ್ಟೆ."

ನನ್ನ ಸರವೂ ಹಾಗೆಯೇ ಇತ್ತಲ್ಲ, ಕಡೆಯದನ್ನು ಮೊದಲನೆಯದಕ್ಕೆ ಕಟ್ಟುತ್ತಿದ್ದೆ. ತಿರುಗುವ ಕಡೆ ಸರಿ ಇದ್ದದ್ದು, ತಿರುಗದ ಕಡೆ ತಪ್ಪಾಯಿತು. ಹುಡುಗಿಯರೇ, ಇದನ್ನು ನೆನಪಿಡಿ. ಕೇಳಿದ ತಕ್ಷಣ ಇಲ್ಲ ಅನ್ನುವವನಿಂದ ಅಷ್ಟು ಕೆಡುವುದಿಲ್ಲ. ಇಲ್ಲದ್ದನ್ನು ಕೇಳಿದಾಗಲೂ ಏನೋ ಒಂದು ತಂದುಕೊಡುವವನ ಮೇಲೆ ಕಣ್ಣಿಡಬೇಕು, ಅವನು ಮನುಷ್ಯನಾಗಲಿ ಡಬ್ಬಿಯಾಗಲಿ.

ತಪ್ಪು ಸಿಕ್ಕಿತು. ಆದರೆ ನನ್ನ ಸಂಶಯ ಅಲ್ಲಿಗೆ ಮುಗಿಯಲಿಲ್ಲ. ಇವಳು ಈಗ ಸದ್ದಿಲ್ಲದೆ ಡಬ್ಬಿ ಸರಿ ಮಾಡಿಬಿಟ್ಟರೆ? ಸೋಮವಾರ ಆ ಮಗ್ಗಕ್ಕೆ ಹೊಸ ಹುಡುಗ ಕೂರುತ್ತಾನೆ, ಸೀರೆ ಸರಿ ಬರುತ್ತದೆ, ಅಳಿಯ ಅನ್ನುತ್ತಾನೆ, ನೋಡಿದಿರಾ, ಮುದುಕ ಎದ್ದ, ಸೀರೆ ಸರಿ ಆಯಿತು. ತಪ್ಪು ದುಂಡಪ್ಪನ ಹೆಸರಿಗೇ ಗಟ್ಟಿಯಾಗುತ್ತದೆ. ಕಲಿತವರು ಹಾಗೆ ಮಾಡುವುದನ್ನು ನೋಡಿದ್ದೇನೆ. ಕಲಿಯದವರು ಮಾಡುವುದನ್ನೂ ನೋಡಿದ್ದೇನೆ. ಹಾಗಾಗಿ ಕನ್ನಡಿಯನ್ನು ತೆಗೆಯದೆ ಅಲ್ಲೇ ಬಿಟ್ಟೆ, ಅವಳ ಬಸ್ಸಿನ ಹೊತ್ತು ಕಾಯುತ್ತ ಕೂತೆ.

ಅವಳು ಗಡಿಯಾರ ನೋಡಿದಳು. ಕಿಟಕಿಯಲ್ಲಿ ಬಿಸಿಲು ನೋಡಿದಳು. ಚೀಲ ಹೆಗಲಿನಿಂದ ಇಳಿಸಿ, ಒಳಗೆ ಹೋಗಿ, ಅಳಿಯನನ್ನು ಕರೆದುಕೊಂಡು ಬಂದಳು.

"ಇದು ಕಾಕಾರ ತಪ್ಪಲ್ರಿ. ನಂದು" ಅಂದಳು.

ಅಳಿಯನಿಗೆ ಇದು ಬೇಕಾಗಿರಲಿಲ್ಲ. "ನಿಂದಾಗಿದ್ರ ಎಲ್ಲಾ ಮಗ್ಗದಾಗೂ ಬರಬೇಕಿತ್ತಲ್ಲ?"

"ಉಳಿದವ್ರು ಹಿಂದ ಹೋಗಂಗಿಲ್ರಿ. ಕಾಕಾ ಒಬ್ರ ಹೋಗತಾರ. ಅದಕ್ಕ ಅವರೊಬ್ರದ್ದ ಕೆಡತೈತಿ."

ಅಳಿಯ ನಂಬಲಿಲ್ಲ. ಬೆಲ್ಲದವನು, ಮುಟ್ಟಿ ನೋಡಿಯೇ ನಂಬುವವನು. ಉಳಿದ ಮಗ್ಗದ ಒಬ್ಬ ಹುಡುಗನನ್ನು ಕರೆದು ಅವನ ಮಗ್ಗದಲ್ಲೂ ಸೆರಗಿನ ಬುಡದಲ್ಲಿ ಹಿಂದಕ್ಕೆ ಒತ್ತಿಸಿದ. ನನ್ನ ಕನ್ನಡಿ ಆ ಮಗ್ಗದ ಅಡಿಗೆ ಹೋಯಿತು. ಅಲ್ಲೂ ಕಾಳು ಚೆಲ್ಲಿತು. ಅಳಿಯ ಕುಕ್ಕರುಗಾಲಲ್ಲಿ ಕೂತು ಕನ್ನಡಿಯನ್ನೇ ನೋಡುತ್ತ, "ಹಂಗಾದ್ರ ಛಲೋ ನೇಯ್ದಿದ್ದಕ್ಕ ಕೆಟ್ಟೈತಿ ಇದು?" ಅಂದ.

ಅವತ್ತು ಪದ್ಮಾ ತನ್ನ ದಿನದ ಬಸ್ಸಿಗೆ ಹೋಗಲಿಲ್ಲ. ಬರೆದದ್ದನ್ನು ತಿದ್ದುತ್ತಾ ಕೂತಳು. ಹೊರಗೆ ಬಿಸಿಲು ಗೋಡೆ ಹತ್ತಿ ಹೋಯಿತು. ನಾನು ಬುತ್ತಿ ಬಿಚ್ಚಿ ರೊಟ್ಟಿ ಮುಂದಿಟ್ಟೆ, ಇನ್ನೂ ಹೊತ್ತು ಮುಳುಗಿರಲಿಲ್ಲ. "ಇದೊಂದ ಸಾಲ ಆಯಿ" ಅಂತ ತಲೆ ಎತ್ತಲಿಲ್ಲ. ಸಾಲು ಮುಗಿಯುವ ಹೊತ್ತಿಗೆ ಬೀದಿಯ ದೀಪಗಳು ಹತ್ತಿದ್ದವು. ಅವಳು ರೊಟ್ಟಿ ನೋಡಿದಳು, ನನ್ನ ಕಡೆ ತಳ್ಳಿದಳು. ದುಂಡಪ್ಪ ಅವಳನ್ನು ಸೈಕಲ್ಲಿನ ಮೇಲೆ ರಾತ್ರಿಯ ಬಸ್ಸಿಗೆ ಬಿಟ್ಟು ಬಂದ.

ಸೋಮವಾರ ದುಂಡಪ್ಪ ತನ್ನ ಮಗ್ಗಕ್ಕೇ ಕೂತ. ಅಳಿಯ ತಪ್ಪಾಯಿತು ಅನ್ನಲಿಲ್ಲ, ಅನ್ನುವ ಜಾತಿಯವನೂ ಅಲ್ಲ. "ಕೂಡು" ಅಂದ, ಅಷ್ಟೇ. ಪದ್ಮಾ ಹೊಸ ವ್ಯವಸ್ಥೆ ತೋರಿಸಿದಳು. ಸೆರಗಿನ ಬುಡದಲ್ಲಿ ಹಿಂದಕ್ಕೆ ಒತ್ತಿದರೆ ಈಗ ಒಡಲಿನ ಕಡೆಯ ಸಾಲು ಬರುತ್ತದೆ. ಇಡೀ ಸೀರೆಯ ಮೊದಲ ಸಾಲಿಗಿಂತ ಹಿಂದೆ ಯಾರಾದರೂ ಕೇಳಿದರೆ ಮಾತ್ರ ಡಬ್ಬಿಯ ಮೇಲೆ ಕೆಂಪು ದೀಪ ಹತ್ತಿ ಮಗ್ಗ ನಿಲ್ಲುತ್ತದೆ.

ದುಂಡಪ್ಪ ದೀಪವನ್ನು ಬೆರಳಿನಿಂದ ಮುಟ್ಟಿ ನೋಡಿದ. "ಇದು ಹತ್ತಿದ್ರ ಯಾರ ತಪ್ಪ ಅಂತ ಲೆಕ್ಕ?"

"ಯಾರ ತಪ್ಪೂ ಅಲ್ಲ ಕಾಕಾ. ಹಿಂದ ಏನೂ ಇಲ್ಲ ಅಂತ ಅರ್ಥ."

"ಅಳಿಯಾರಿಗೂ ಹೇಳಿಯೇನ?"

"ಅವರಿಗೆ ಮೊದ್ಲ ಹೇಳೀನಿ."

ಅವನು ಸೆರಗಿನ ಬುಡಕ್ಕೆ ಬಂದಾಗ ಎಲ್ಲರೂ ಕೆಲಸ ಬಿಟ್ಟು ನಿಂತರು. ಕಡೆಯ ಸಾಲು ಬಿಚ್ಚಿದ, ಒತ್ತಿದ, ಬಡಿದ. ಬಗ್ಗಿ ನನ್ನ ಕನ್ನಡಿಯಲ್ಲಿ ನೋಡಿದ. ಬರೀ ಒಡಲು, ಕಾಳಿಲ್ಲ. ಕೆಂಪು ಲಾಳಿ ಹಾಕಿ ಮುಂದೆ ಹೋದ.

ಸಂಜೆ ನಾನು ಕನ್ನಡಿ ತೆಗೆಯಲು ಹೋದೆ. ಬರಲಿಲ್ಲ. ದುಂಡಪ್ಪ ಅದನ್ನು ತಂತಿಯಿಂದ ಮಗ್ಗದ ಕಾಲಿಗೆ ಬಿಗಿದು ಕಟ್ಟಿದ್ದ.

"ಸರಿ ಆತಲ್ಲೋ, ಇನ್ನ ಯಾಕ?"

"ಇರಲಿ ಯಕ್ಕಾ. ನಿನಗ ಬ್ಯಾರೆ ತಗೋ."

ಪದ್ಮಾ ಅಲ್ಲೇ ನಿಂತಿದ್ದಳು. ತಾನು ಸರಿ ಮಾಡಿದ ಮೇಲೂ ಈ ಮುದುಕ ನಂಬಲಿಲ್ಲವಲ್ಲ ಅಂತ ಮುಖ ಸಣ್ಣದು ಮಾಡುತ್ತಾಳೆ ಅಂದುಕೊಂಡೆ. ಅವಳು ಬಗ್ಗಿ ತಂತಿಯ ಗಂಟು ಅಲುಗಾಡಿಸಿ ನೋಡಿದಳು. "ಸಡ್ಲ ಐತಿ ಕಾಕಾ, ಮಗ್ಗ ನಡುಗಿದ್ರ ಬೀಳತೈತಿ" ಅಂತ ಹೇಳಿ ಇನ್ನೊಂದು ಸುತ್ತು ಹಾಕಿ ಬಿಗಿದಳು. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಓಡಿದಳು.

ಆ ಹುಡುಗಿಯ ಮೇಲಿದ್ದ ಸಂಶಯವನ್ನು ಅವತ್ತು ಅರ್ಧ ಬಿಟ್ಟೆ. ಉಳಿದ ಅರ್ಧ ಕೆಲಸಕ್ಕೆ ಬೇಕಿತ್ತು.